ನೀರಿಳಿದ ಮೇಲಿನ ಚಿತ್ರ

ತುಂಗೆ ತುಂಬಿದಳೆಂದರೆ ಶಿವಮೊಗ್ಗದವರು ನೋಡಹೋಗುವುದು ಕೋರ್ಪಲಯ್ಯನ ಛತ್ರದ ಬಳಿಯ ಮಂಟಪವನ್ನು. ಅದು ಮುಳುಗಿತೇ, ಮಾರನೆಯ ದಿನದ ಪತ್ರಿಕೆಗೆ ಚಿತ್ರ ಸಿಕ್ಕಂತೆ. ಭದ್ರಾವತಿಯಲ್ಲಿ ಆ ಪಾತ್ರ ಸೇತುವೆಯದು. ಲಕ್ಕವಳ್ಳಿ ಅಣೆಕಟ್ಟಿನ ಗೇಟು ತೆರೆದರೆ ಕ್ಯಾಮೆರಾಗಳು ಅಲ್ಲಿಗೆ ಓಡುತ್ತವೆ. ನೀರಿಳಿದ ಮೇಲೆ ಕೆಸರು ಬಳಿದವರ ಚಿತ್ರ ಬೇಕೆಂದರೆ ಮಾತ್ರ ತಡಕಾಡಬೇಕು.

ವಿಪತ್ತಿನ ಛಾಯಾಗ್ರಹಣ ನಮ್ಮಲ್ಲಿ ಕಣ್ಣುಬಿಟ್ಟದ್ದೇ ಸಂತ್ರಸ್ತರ ಮೇಲೆ. 1876–78ರ ಬರದಲ್ಲಿ ಸೇನಾಧಿಕಾರಿ ವಿಲ್ಲೋಬಿ ಹೂಪರ್ ಮದ್ರಾಸ್ ಪ್ರಾಂತ್ಯದ ಹಸಿದ ಜನರನ್ನು ಗುಂಪಾಗಿ ಕೂರಿಸಿ ಚಿತ್ರ ತೆಗೆದ. ನೆರವಾಗದೆ ಚಿತ್ರ ತೆಗೆದನೆಂಬ ಟೀಕೆಗೂ ಗುರಿಯಾದ. ಆ ಬರವೆಂದರೆ ಇಂದಿಗೂ ಕಣ್ಣಿಗೆ ಕಟ್ಟುವುದು ಆ ಎಲುಬುಗಳೇ, ಗಂಜಿ ಬಡಿಸಿದ ಕೈಗಳಲ್ಲ.

ದುಡಿಯುವವರತ್ತ ಕ್ಯಾಮೆರಾ ನಿಧಾನಕ್ಕೆ ಹೊರಳಿತು. ಮೈಸೂರಿನ ಟಿ.ಎಸ್. ಸತ್ಯನ್ (1923–2009) ವಿಶ್ವ ಆರೋಗ್ಯ ಸಂಸ್ಥೆಗಾಗಿ ಸಿಡುಬು ನಿರ್ಮೂಲನದ ಕೆಲಸವನ್ನು ಸೆರೆಹಿಡಿದರು. ಆದರೂ ಸಂತ್ರಸ್ತರನ್ನು ಪೂರ್ತಿ ಬಿಡಲಿಲ್ಲ; 1984ರ ಭೋಪಾಲ ಅನಿಲ ದುರಂತದಲ್ಲಿ ರಘು ರಾಯ್, ಪಾಬ್ಲೊ ಬಾರ್ತಲೋಮಿಯೊ ತೆಗೆದ ಚಿತ್ರಗಳು ಮಣ್ಣಿಗಿಡುತ್ತಿದ್ದ ಮಗುವಿನ ಮುಖವನ್ನು ಜಗತ್ತಿಗೆ ತೋರಿಸಿದವು. 1986ರಲ್ಲಿ ಇಗೊರ್ ಕೊಸ್ಟಿನ್ ಚೆರ್ನೋಬಿಲ್ ಸ್ಥಾವರದ ಛಾವಣಿ ಹತ್ತಿದ. ವಿಕಿರಣ ಸೂಸುವ ಅವಶೇಷ ತೆಗೆಯಲು ಸಲಿಕೆ ಹಿಡಿದವರಿಗೆ ಅಲ್ಲಿ ನಿಲ್ಲಲು ಸಿಗುತ್ತಿದ್ದದ್ದು ನಿಮಿಷಗಳ ಲೆಕ್ಕ. ವಿಕಿರಣ ಫಿಲ್ಮಿನ ಅಂಚಿನಲ್ಲೂ ಬಿಳಿ ಗೆರೆ ಬಿಟ್ಟಿತು. ಅವರು ತೆತ್ತ ಬೆಲೆಗೆ ಚಿತ್ರವೇ ಸಾಕ್ಷಿಯಾಯಿತು. 2001ರ ಸೆಪ್ಟೆಂಬರ್ ದಾಳಿಯ ಬಳಿಕ ಜೋಯೆಲ್ ಮೆಯರೋವಿಟ್ಜ್ ನ್ಯೂಯಾರ್ಕಿನ ಅವಳಿ ಗೋಪುರಗಳ ಅವಶೇಷಗಳ ನಡುವೆ ತಿಂಗಳುಗಟ್ಟಲೆ ಇದ್ದು, ಗೋಪುರಗಳು ಕುಸಿದದ್ದನ್ನಲ್ಲ, ಅವಶೇಷ ತೆರವು ಮಾಡಿದವರನ್ನು ದಾಖಲಿಸಿದರು.

2018ರ ಕೊಡಗಿನ ನೆರೆ, ಭೂಕುಸಿತದ ಹೊತ್ತಿಗೆ ಎಲ್ಲರ ಕೈಯಲ್ಲೂ ಮೊಬೈಲ್. ಹಗ್ಗ, ದೋಣಿ, ಯೋಧರ ಹೆಗಲ ಮೇಲಿನ ವೃದ್ಧರು ಮನೆಮಾತಾದರು. 2019ರ ಆಗಸ್ಟಿನಲ್ಲಿ ಶಿವಮೊಗ್ಗದ ತಗ್ಗು ಬಡಾವಣೆಗಳಿಗೆ ತುಂಗೆ ನುಗ್ಗಿದಾಗಲೂ ಓಡಾಡಿದ್ದು ಅಂಥ ಚಿತ್ರಗಳೇ. 2021ರ ಜನವರಿ 21ರ ರಾತ್ರಿ ಶಿವಮೊಗ್ಗ ಬಳಿಯ ಹುಣಸೋಡಿನಲ್ಲಿ ಜಿಲೆಟಿನ್ ಸಿಡಿದಾಗ ಛಿದ್ರಗೊಂಡ ಲಾರಿಯ ಚಿತ್ರ ಎಲ್ಲರ ಮೊಬೈಲಿಗೂ ಬಂತು. ಸಿಡಿಯದ ಸ್ಫೋಟಕ ಉಳಿದಿರಬಹುದಾದ ನೆಲದ ಮೇಲೆ ಹೆಜ್ಜೆಯಿಟ್ಟು ಹುಡುಕಿದವರು ಹಿನ್ನೆಲೆಗೆ ಸರಿದರು.

ಕಾರಣ ಸರಳ. ರಕ್ಷಣೆ ಒಂದು ಕ್ಷಣದ ಕೆಲಸ, ಒಂದು ಚೌಕಟ್ಟಿನಲ್ಲಿ ಕೂರುತ್ತದೆ. ಚೇತರಿಕೆಗೆ ವಾರಗಳು ಬೇಕು. ಚರಂಡಿಯ ಹೂಳೆತ್ತುವ ಪೌರಕಾರ್ಮಿಕರಾಗಲಿ, ಸುರಿವ ಮಳೆಯಲ್ಲಿ ಕಂಬ ಹತ್ತುವ ಪವರ್‌ಮ್ಯಾನ್ ಆಗಲಿ ಮುಖಪುಟಕ್ಕೆ ಬರುವುದು ಅಪರೂಪ. ಬಂದರೂ ಅಡಿಬರಹದಲ್ಲಿ ಪರಿಶೀಲನೆಗೆ ಬಂದ ಸಚಿವರಿಗೆ ಹೆಸರಿರುತ್ತದೆ, ಇವರು ಬರೀ ‘ಸಿಬ್ಬಂದಿ’.

ಹಾಗೆಂದು ಆ ಚಿತ್ರಗಳು ಇಲ್ಲವೆಂದಲ್ಲ. ‘ಕೆಲಸ ಮುಗಿದಿದೆ ಸರ್’ ಎಂದು ಮೇಲಿನವರಿಗೆ ತೋರಿಸಲು ಅವರೇ ತೆಗೆದು ಗ್ರೂಪಿಗೆ ಹಾಕಿದವು ಎಷ್ಟೋ. ಮಂಟಪ ಮುಂದಿನ ಮಳೆಗಾಲದಲ್ಲೂ ಮುಳುಗೀತು, ಅದರ ಚಿತ್ರ ಮತ್ತೆ ಸಿಕ್ಕೀತು. ಮೊಬೈಲು ಬದಲಾದಾಗ ಅಳಿಸಿಹೋಗುವ ಈ ಚಿತ್ರಗಳನ್ನು ಯಾರಾದರೂ ಕೇಳಿ ಪಡೆದು, ಹಿಂದೆ ಹೆಸರು ಬರೆದಿಡಬೇಕಾಗಿದೆ.