ಮಾತು ಕೇಳದ ನಾಯಿ: ಹೊಣೆ ಯಾರದು?



ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯಲ್ಲಿ ತೋಟದ ಮನೆ ಅಂದಮೇಲೆ ನಾಯಿ ಇದ್ದೇ ಇರುತ್ತದೆ. ಕಬ್ಬಿಗೆ ಹಂದಿ ಬಿದ್ದರೆ ಬೊಗಳಲಿ, ರಾತ್ರಿ ದನಕರು ಕಾಯಲಿ ಎಂದು ಸಾಕುತ್ತೇವೆ. ಅದೇ ನಾಯಿ ಒಂದು ದಿನ ನೆರೆಯವರ ಆಡಿನ ಮರಿ ಹಿಡಿಯಿತು, ಇಲ್ಲವೆ ಸಾಲಿಗೆ ಹೊರಟ ಹುಡುಗನ ಕಾಲು ಕಚ್ಚಿತು ಅನ್ನಿ. ಆಗ ಒಡೆಯ ಏನಂತಾನೆ? “ಏನ್ ಮಾಡೂದ್ರಿ, ನಾಯಿ ಮಾತ ಕೇಳೂದಿಲ್ಲ” ಅಂತಾನೆ. ಈ ಉತ್ತರ ಸರಿಯೇ? ನಮ್ಮ ಹಿರಿಯರು ನಾಯಿಯನ್ನು ಹೇಗೆ ಇಟ್ಟುಕೊಂಡಿದ್ದರು, ಅದನ್ನು ನೋಡೋಣ.

ಸಾವಿರ ವರ್ಷಕ್ಕೂ ಹಿಂದಿನ ಮಾತು. ರಾಷ್ಟ್ರಕೂಟರಿಗೂ ಚೋಳರಿಗೂ ತಕ್ಕೋಲದಲ್ಲಿ ದೊಡ್ಡ ಕಾಳಗವಾಯಿತು. ರಾಷ್ಟ್ರಕೂಟರ ಕಡೆಗೆ ನಿಂತ ಗಂಗ ಬೂತುಗನ ಆಳು ಮಣಲೇರ ಅದರಲ್ಲಿ ಶೂರತನ ತೋರಿಸಿದ. ಮೆಚ್ಚಿದ ಒಡೆಯ, ಬೇಕಾದ್ದು ಕೇಳು ಅಂದಾಗ ಮಣಲೇರ ಹೊಲ ಕೇಳಲಿಲ್ಲ, ಹೊನ್ನು ಕೇಳಲಿಲ್ಲ. ಕಾಳಿ ಎಂಬ ನಾಯಿಯನ್ನು ಕೇಳಿದ! ಮುಂದೆ ಬೆಳತೂರ ಗುಡ್ಡದಲ್ಲಿ ಕಾಡುಹಂದಿಯ ಮೇಲೆ ಕಾಳಿಯನ್ನು ಬಿಟ್ಟಾಗ ಹಂದಿಯೂ ಸತ್ತಿತು, ನಾಯಿಯೂ ಸತ್ತಿತು. ಕಾಳಿಯ ನೆನಪಿಗೆ ಆತಕೂರಿನಲ್ಲಿ ಕಲ್ಲು ನಿಲ್ಲಿಸಿ, ಪೂಜೆಗೆ ಭೂಮಿ ಬಿಟ್ಟರು. ಪೂಜೆ ಮಾಡದೆ ಉಂಡ ಗೊರವನಿಗೆ ನಾಯಿಯ ಪಾಪ ತಗಲುತ್ತದೆ ಎಂದೂ ಕೆತ್ತಿಸಿದರು. ಇದು ನಡೆದದ್ದು ಸುಮಾರು 949-50ರಲ್ಲಿ. ಆತಕೂರು ಇರುವುದು ಮಂಡ್ಯ ಜಿಲ್ಲೆಯ ಮದ್ದೂರು ತಾಲೂಕಿನಲ್ಲಿ. ಕಲ್ಲು ಈಗ ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯದಲ್ಲಿದೆ. ನೋಡ್ರಿ, ಆ ಕಾಲದಲ್ಲಿ ನಾಯಿಗೆ ಒಬ್ಬ ಒಡೆಯನಿದ್ದ, ಒಂದು ಕೆಲಸವಿತ್ತು. ಸತ್ತಮೇಲೂ ಅದರ ಹೊಣೆ ಹೊರುವವನೊಬ್ಬನಿದ್ದ.

ಅಷ್ಟು ದೂರ ಯಾಕೆ? ನಮ್ಮ ಘಟಪ್ರಭೆಯ ನೀರು ಹುಕ್ಕೇರಿ ತಾಲೂಕಿನ ಹಿಡಕಲ್ ದಾಟಿ, ಗೋಕಾಕಿನಲ್ಲಿ ಧುಮುಕಿ, ಮೂಡಲಗಿ ಸೀಮೆ ಹಾಯ್ದು ಮುಧೋಳಕ್ಕೆ ಹೋಗುತ್ತದೆ. ಆ ಮುಧೋಳದ ನಾಯಿಯ ಹೆಸರು ಕೇಳದವರಿಲ್ಲ. ಬೇಡರು ಬೇಟೆಗೆ ಸಾಕಿದ್ದ ಈ ತಳಿಯನ್ನು ಮುಧೋಳ ಸಂಸ್ಥಾನದ ಅರಸ ಮಾಲೋಜಿರಾವ್ ಘೋರ್ಪಡೆಯವರು ಜತನ ಮಾಡಿ ಬೆಳೆಸಿದರು. ಇಂಗ್ಲೆಂಡಿನ ಅರಸ ಐದನೆಯ ಜಾರ್ಜನಿಗೆ ಒಂದು ಜೋಡಿ ಕೊಟ್ಟರು. 2005ರಲ್ಲಿ ಅಂಚೆ ಇಲಾಖೆ ಇದರ ಚೀಟಿ ಹೊರಡಿಸಿತು. 2016ರಲ್ಲಿ ಸೇನೆಯವರು ಮೀರತ್ತಿನಲ್ಲಿ ಇದಕ್ಕೆ ತರಬೇತಿ ಕೊಡಲು ತೊಡಗಿದರು. ತಳಿ ಕಾಯಲು ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಕೇಂದ್ರವೂ ಇದೆ.

ಇಲ್ಲಿ ಒಂದು ಮಾತು ತಿಳಿಯಬೇಕು. ಈ ನಾಯಿ ವಾಸನೆಗಿಂತ ಕಣ್ಣನ್ನು ನಂಬಿ ಬೇಟೆಯಾಡುತ್ತದೆ. ಮುಂದೆ ಏನಾದರೂ ಓಡಿದರೆ ಹಿಂದೆ ಬೀಳುವುದು ಅದರ ಹುಟ್ಟುಗುಣ. 1972ರ ವನ್ಯಜೀವಿ ಕಾಯ್ದೆ ಬಂದಮೇಲೆ ಬೇಟೆ ಅಪರಾಧವಾಯಿತು. ಅದು ಒಳ್ಳೆಯದೇ ಆಯಿತು. ಆದರೆ ನಾಯಿಯ ಕಾಲಿನ ಓಟ ಎಲ್ಲಿ ಹೋದೀತು? ಹಗಲೆಲ್ಲ ಸರಪಳಿಯಲ್ಲಿ ಕಟ್ಟಿ, ರಾತ್ರಿ ಬಿಟ್ಟುಬಿಟ್ಟರೆ ಅದು ಕುರಿಯ ಹಿಂದೆ, ಸೈಕಲ್ಲಿನ ಹಿಂದೆ ಓಡುತ್ತದೆ. ನಾವು ಅದಕ್ಕೆ ಮಾತು ಕೇಳದ ನಾಯಿ ಅನ್ನುತ್ತೇವೆ. ಮಾತು ಕಲಿಸಿದವರು ಯಾರು?

ಕುರಿಗಾರರನ್ನು ನೋಡಿರಿ. ಅವರ ನಾಯಿಮರಿ ಕುರಿಗಳ ನಡುವೆಯೇ ಬೆಳೆಯುತ್ತದೆ, ಹಳೇ ನಾಯಿಯ ಜೊತೆ ತಿರುಗಿ ಕೆಲಸ ಕಲಿಯುತ್ತದೆ. ನಾವೂ ಮರಿ ಇದ್ದಾಗಲೇ ಶುರುಮಾಡಬೇಕು. ಕರೆಯಲು ಒಂದೇ ಹೆಸರು, ಒಂದೇ ಮಾತು ಇರಲಿ; ಮನೆಮಂದಿಯೆಲ್ಲ ಅದನ್ನೇ ಬಳಸಲಿ. ಕರೆದಾಗ ಬಂದರೆ ರೊಟ್ಟಿ ಚೂರು ಕೊಡಿರಿ. ತಡವಾಗಿ ಬಂದಿತೆಂದು ಬಡಿದರೆ, ಬಂದದ್ದಕ್ಕೇ ಬಡಿದರು ಎಂದು ತಿಳಿದು ಮತ್ತೆ ಬರುವುದಿಲ್ಲ. ಮುಂಜಾನೆ, ಸಂಜೆ ಹಗ್ಗ ಹಿಡಿದು ಓಡಾಡಿಸಿರಿ.

ಕಾಯ್ದೆಯೂ ಒಡೆಯನನ್ನೇ ಕೇಳುತ್ತದೆ. ಸಾಕಿದ ಪ್ರಾಣಿಯಿಂದ ಜನರ ಜೀವಕ್ಕೆ ಅಪಾಯವಾಗದಂತೆ ಎಚ್ಚರ ವಹಿಸದವನಿಗೆ 1860ರ ದಂಡ ಸಂಹಿತೆಯ 289ನೆಯ ಕಲಮಿನಲ್ಲಿ ಆರು ತಿಂಗಳವರೆಗೆ ಸೆರೆ, ಸಾವಿರ ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ ಇದ್ದವು. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯ 291ನೆಯ ಕಲಮಿನಲ್ಲಿ ದಂಡ ಐದು ಸಾವಿರಕ್ಕೆ ಏರಿದೆ.

ದಂಡಕ್ಕಿಂತ ದೊಡ್ಡದು ಹುಚ್ಚುನಾಯಿ ರೋಗ. ರೋಗದ ಲಕ್ಷಣ ಕಾಣಿಸಿದಮೇಲೆ ಮನುಷ್ಯ ಬದುಕುವುದು ಇಲ್ಲವೆಂದೇ ಹೇಳಬೇಕು. 1885ರಲ್ಲಿ ಲೂಯಿ ಪಾಸ್ತರ್ ಎಂಬ ವಿಜ್ಞಾನಿ ಮೊದಲ ಬಾರಿಗೆ ಕಚ್ಚಿಸಿಕೊಂಡ ಹುಡುಗನಿಗೆ ಲಸಿಕೆ ಹಾಕಿದ. ಹಿಂದೆ ಹೊಟ್ಟೆಗೆ ಹದಿನಾಲ್ಕು ಸೂಜಿ ಹಾಕುತ್ತಿದ್ದುದನ್ನು ಹಿರಿಯರು ಇನ್ನೂ ಮರೆತಿಲ್ಲ. ಈಗ ಆ ಭಯ ಬೇಡ, ತೋಳಿಗೆ ಕೆಲವೇ ಸೂಜಿ. ಕಚ್ಚಿದ ಕೂಡಲೇ ಗಾಯವನ್ನು ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ ಹದಿನೈದು ನಿಮಿಷ ತೊಳೆದು, ಅಂದೇ ಸರಕಾರಿ ದವಾಖಾನೆಗೆ ಹೋಗಿರಿ. ಖಾರ, ಸುಣ್ಣ ಹಚ್ಚಬೇಡಿರಿ. ಮರಿಗೆ ಮೂರು ತಿಂಗಳಾದಾಗ ಲಸಿಕೆ ಹಾಕಿಸಿ, ಆಮೇಲೆ ಪಶುವೈದ್ಯರು ಹೇಳಿದಂತೆ ವರ್ಷವರ್ಷ ಹಾಕಿಸುತ್ತಿರಿ.

ಮಣಲೇರ ನಾಯಿಯನ್ನು ಬಾಯಿಬಿಟ್ಟು ಕೇಳಿ ಪಡೆದ. ನೀವೂ ಮರಿಯನ್ನು ಮನೆಗೆ ತಂದ ದಿನವೇ ಅದರ ಹೊಣೆಯನ್ನೂ ತಂದಿರುತ್ತೀರಿ. ಮುಂದೆ ಯಾರಾದರೂ ನಾಯಿ ಮಾತು ಕೇಳುವುದಿಲ್ಲ ಅಂದರೆ, “ನೀವೇನು ಕಲಿಸಿದ್ರಿ?” ಎಂದು ಕೇಳಿರಿ.