ಎರಡು ಸಿಂಹಾಸನ, ಎರಡು ವಾಗ್ದಾನ

ಒಂದು ಮಗ್ಗುಲಿಗೆ ಫಲ್ಗುಣಿ ಹೊಳೆ, ಇನ್ನೊಂದಕ್ಕೆ ಅರಬ್ಬೀ ಸಮುದ್ರ: ನಡುವಿನ ಮರಳದಿಣ್ಣೆಯೇ ಮಂಗಳೂರಿನ ಬೆಂಗ್ರೆ. ಕಸಬಾ ಬೆಂಗ್ರೆಯ ಮುಸ್ಲಿಂ ಮನೆಗಳಿಗೆ ದಾವೂದ್, ಸುಲೈಮಾನ್ ನೆಬಿಗಳು ಪರಿಚಿತರು. ಆದರೆ ಸುಲೈಮಾನರ ನಂತರ ರಾಜ್ಯ ಇಬ್ಭಾಗವಾದ ಕಥೆ ಕುರಾನಿನಲ್ಲಿಲ್ಲ. ಆ ಕಥೆ ಹೀಬ್ರೂ ಗ್ರಂಥದ್ದು. ಹೊಳೆಯಾಚೆ ಬಲ್ಮಠದಲ್ಲಿ, ಬಾಸೆಲ್ ಮಿಶನ್ ಕಾಲದಿಂದ ಇಂದಿನ ಕರ್ನಾಟಕ ಥಿಯಲಾಜಿಕಲ್ ಕಾಲೇಜಿನವರೆಗೆ ಅದು ಪಾಠದ ವಿಷಯ.

ಕ್ರಿ.ಪೂ. 930ರ ಸುಮಾರು. ಬಿಟ್ಟಿ ದುಡಿಮೆ ತಗ್ಗಿಸೆಂದು ಕೇಳಿದ ಜನರನ್ನು ಸೊಲೊಮೋನನ (ಕುರಾನಿನ ಸುಲೈಮಾನರ) ಮಗ ರೆಹಬ್ಬಾಮ ಗದರಿಸಿ ಕಳಿಸಿದ. ಉತ್ತರದ ಕುಲಗಳು ಯಾರೊಬ್ಬಾಮನನ್ನು ಅರಸನಾಗಿ ಮಾಡಿಕೊಂಡವು. ದಾವೀದನ (ದಾವೂದರ) ಮನೆತನ ಶಾಶ್ವತ, ಮಕ್ಕಳು ತಪ್ಪಿದರೆ ದಂಡನೆಯುಂಟು, ಕೃಪೆ ಮಾತ್ರ ತಪ್ಪದು ಎಂದು ಪ್ರವಾದಿ ನಾತಾನ ಮೊದಲೇ ನುಡಿದಿದ್ದ. ಹೆಚ್ಚು ಜನ ಗಮನಿಸದ್ದು ಇನ್ನೊಂದು ಮಾತು. ಹೊಸ ಅಂಗಿಯನ್ನು ಹನ್ನೆರಡು ತುಂಡು ಮಾಡಿ ಹತ್ತನ್ನು ಯಾರೊಬ್ಬಾಮನಿಗೆ ಕೊಟ್ಟ ಪ್ರವಾದಿ ಅಹೀಯನು, ಆಜ್ಞೆ ಪಾಲಿಸಿದರೆ ನಿನ್ನ ಮನೆಯೂ ದಾವೀದನ ಮನೆಯಂತೆ ನಿಲ್ಲುವುದು ಎಂದಿದ್ದ. ದಕ್ಷಿಣಕ್ಕೆ ಷರತ್ತಿಲ್ಲದ ಮಾತು, ಉತ್ತರಕ್ಕೆ ಷರತ್ತಿನದು. ಉತ್ತರದಲ್ಲಿ ರಾಜವಂಶಗಳು ಒಂದನ್ನೊಂದು ಕೊಂದು ಬದಲಾಗುತ್ತ ಹೋದವು, ಕ್ರಿ.ಪೂ. 722ರ ಹೊತ್ತಿಗೆ ಅಶ್ಶೂರ್ಯರು ಅದರ ರಾಜಧಾನಿ ಸಮಾರ್ಯವನ್ನು ವಶಪಡಿಸಿಕೊಂಡರು. ದಕ್ಷಿಣದ ಯೆಹೂದದಲ್ಲಿ ರಾಣಿ ಅತಲ್ಯಳ ಆರು ವರ್ಷ ಬಿಟ್ಟರೆ ಕೊನೆವರೆಗೂ ಒಂದೇ ಮನೆತನ.

ನಮ್ಮ ಕರಾವಳಿಗೆ ಈ ಕಥೆ ಅರ್ಧಂಬರ್ಧವಾಗಿಯೇ ಬಂತು. ಬಾಸೆಲ್ ಮಿಶನರಿಗಳು ಮಂಗಳೂರಿಗೆ ಬಂದದ್ದು 1834ರಲ್ಲಿ. ಕನ್ನಡದಲ್ಲಿ ಅದಾಗಲೇ ಬಳ್ಳಾರಿಯ ಜಾನ್ ಹ್ಯಾಂಡ್ಸ್ ಮೊದಲಾದವರು ಮಾಡಿದ ಬೈಬಲ್ ಇತ್ತು. ತುಳುವಿಗೆ 1847ರಲ್ಲಿ ದಕ್ಕಿದ್ದು ಹೊಸ ಒಡಂಬಡಿಕೆ. ಅದರ ಮೊದಲ ಪುಟದ ವಂಶಾವಳಿಯಲ್ಲಿ ರೆಹಬ್ಬಾಮನಿದ್ದಾನೆ, ಯಾರೊಬ್ಬಾಮನಿಲ್ಲ. ಅದನ್ನಷ್ಟೇ ಓದಿದವರಿಗೆ ಉತ್ತರ ರಾಜ್ಯವೆಂಬುದೊಂದಿತ್ತೆಂದೇ ತಿಳಿಯದು.

ಯುರೋಪಿನಲ್ಲಿ ಚರ್ಚೆ ಬೇರೆಯೇ ಹಾದಿ ಹಿಡಿಯಿತು. 1943ರಲ್ಲಿ ಮಾರ್ಟಿನ್ ನೋತ್, ಧರ್ಮೋಪದೇಶಕಾಂಡದಿಂದ ಅರಸುಗಳವರೆಗಿನ ಗ್ರಂಥಗಳನ್ನು ಯೆಹೂದದವರು ಬಾಬೆಲಿಗೆ ಸೆರೆಹೋದ ಕಾಲದ ಒಬ್ಬನೇ ಲೇಖಕ ಹೆಣೆದನೆಂದ. ಅವನ ಕಣ್ಣಿಗೆ ಅದು ವಿನಾಶದ ಲೆಕ್ಕಪತ್ರ. ಗೆರ್ಹಾರ್ಡ್ ಫಾನ್ ರಾಡ್ ಒಪ್ಪಲಿಲ್ಲ. ಗ್ರಂಥ ಮುಗಿಯುವುದು ಬಾಬೆಲಿನ ಸೆರೆಮನೆಯಿಂದ ಅರಸ ಯೆಹೋಯಾಖೀನ ಬಿಡುಗಡೆಯಾಗುವಲ್ಲಿ, ಅಂದರೆ ನಾತಾನನ ಮಾತು ಇನ್ನೂ ಉಸಿರಾಡುತ್ತಿದೆ ಎಂಬುದು ಅವನ ವಾದ. 1973ರಲ್ಲಿ ಫ್ರ್ಯಾಂಕ್ ಮೂರ್ ಕ್ರಾಸ್ ಎರಡೂ ದನಿಗಳನ್ನು ಬಿಡಿಸಿಟ್ಟ: ಭರವಸೆಯದು ಯೆಹೂದದ ಅರಸ ಯೋಷೀಯನ ಆಳ್ವಿಕೆಯ ಮೊದಲ ಆವೃತ್ತಿ, ಶೋಕದ್ದು ಸೆರೆಯಲ್ಲಿ ಸೇರಿದ ಎರಡನೆಯದು. ನನಗೆ ಈ ವಿಂಗಡಣೆ ಅತಿ ಅಚ್ಚುಕಟ್ಟೆನಿಸುತ್ತದೆ. 89ನೇ ಕೀರ್ತನೆಯಲ್ಲಿ ವಾಗ್ದಾನದ ಹೊಗಳಿಕೆಯೂ ಅದು ಮುರಿಯಿತೆಂಬ ದೂರೂ ಒಟ್ಟಿಗೇ ಇವೆಯಲ್ಲ!

ಆಮೇಲೆ ಮಾತಾಡಿದ್ದು ಕಲ್ಲು. 1993ರಲ್ಲಿ ಅವ್ರಹಾಮ್ ಬಿರಾನರ ತಂಡಕ್ಕೆ ತೆಲ್ ದಾನ್‌ನಲ್ಲಿ ಕ್ರಿ.ಪೂ. 9ನೇ ಶತಮಾನದ ಅರಾಮಿಕ್ ಶಾಸನದ ಚೂರು ಸಿಕ್ಕಿತು. ‘ದಾವೀದನ ಮನೆ’ ಎಂದು ಹೆಚ್ಚಿನ ತಜ್ಞರು ಓದುವ ಪದ ಅದರಲ್ಲಿದೆ, ಅದೂ ಶತ್ರುವಿನ ಬಾಯಲ್ಲಿ. ಯಾರೊಬ್ಬಾಮ ಚಿನ್ನದ ಕರುವನ್ನು ನಿಲ್ಲಿಸಿದನೆನ್ನುವ ಊರೇ ಈ ದಾನ್. ಆದರೆ ಕಲ್ಲು ಮನೆತನಕ್ಕೆ ಸಾಕ್ಷಿ, ವಾಗ್ದಾನಕ್ಕಲ್ಲ.

ಈಚಿನ ಒಲವು ಉತ್ತರದ ಕಡೆಗೆ. ಡೇನಿಯಲ್ ಫ್ಲೆಮಿಂಗ್ (2012), ಇಸ್ರಾಯೆಲ್ ಫಿಂಕೆಲ್‌ಸ್ಟೈನ್ (2013) ಇಬ್ಬರೂ ಯೆಹೂದದ ಗ್ರಂಥದೊಳಗೆ ಅಡಗಿದ ಇಸ್ರಾಯೇಲನ್ನು, ಅಂದರೆ ಉತ್ತರ ರಾಜ್ಯವನ್ನು, ಹುಡುಕಿದರು. ಅಹೀಯನ ಮಾತೂ ನಮಗೆ ಸಿಕ್ಕಿದ್ದು ಸೋತ ಉತ್ತರದಿಂದಲ್ಲ, ಯೆಹೂದದ ಲೇಖನಿಯಿಂದ. ಎದುರಾಳಿಗೆ ಸಿಕ್ಕ ವಾಗ್ದಾನವನ್ನು ಯೆಹೂದದ ಬರಹಗಾರರು ಅಳಿಸಲಿಲ್ಲ. ತಪ್ಪು ಯಾರೊಬ್ಬಾಮನದೆಂದು ತೋರಿಸಲು ಅದು ಬೇಕಿತ್ತು ಅನ್ನಬಹುದು. ಯೆಹೂದದ ಲೇಖನಿಯ ಇದೇ ಗುರುತಿಗೆ ಪ್ರವಾದಿ ಹೋಶೇಯನ ಗ್ರಂಥ ನೋಡಿ. ಅವನು ನುಡಿದದ್ದು ಉತ್ತರದಲ್ಲಿ, ಉತ್ತರದವರಿಗೆ. ಅದರ ಮೊದಲ ವಚನ ಮಾತ್ರ ಅವನ ಕಾಲವನ್ನು ಯೆಹೂದದ ನಾಲ್ಕು ಅರಸರ ಹೆಸರಿನಿಂದ ಗುರುತಿಸುತ್ತದೆ, ಇಸ್ರಾಯೇಲಿನ ಒಬ್ಬನೇ ಒಬ್ಬನಿಂದ.