ಹುಟ್ಟಿದ ಊರು, ಕೈಹಿಡಿದವರ ಊರು: ಅಮೆರಿಕದ ವೀಸಾ ಲಾಟರಿಯಲ್ಲಿ ವಿವಾಹದ ಸ್ಥಾನ, ಹರಿಹರದ ಹಿನ್ನೆಲೆಯಲ್ಲಿ

ಅಮೆರಿಕದಲ್ಲಿ ಕಾಯಂ ಆಗಿ ನೆಲೆಸುವ ಹಕ್ಕನ್ನು ಚೀಟಿ ಎತ್ತಿ ಹಂಚುವ ವ್ಯವಸ್ಥೆಗೆ ಅಲ್ಲಿನ ಕಾನೂನು ‘ಡೈವರ್ಸಿಟಿ ವೀಸಾ’ ಎಂದು ಹೆಸರಿಟ್ಟಿದೆ; ಜನರ ಬಾಯಲ್ಲಿ ಅದು ‘ಗ್ರೀನ್ ಕಾರ್ಡ್ ಲಾಟರಿ’. 1990ರ ವಲಸೆ ಕಾಯ್ದೆಯಿಂದ ರೂಪುಗೊಂಡು 1995ರ ಆರ್ಥಿಕ ವರ್ಷದಿಂದ ಪೂರ್ಣವಾಗಿ ಜಾರಿಗೆ ಬಂದ ಈ ಯೋಜನೆ ವರ್ಷಕ್ಕೆ 55,000 ವೀಸಾಗಳನ್ನು ಮೀಸಲಿಟ್ಟಿತು. 1997ರ ಇನ್ನೊಂದು ಕಾಯ್ದೆ ಅದರಲ್ಲಿ 5,000ದವರೆಗೆ ಬೇರೆ ವರ್ಗಕ್ಕೆ ತೆಗೆದಿರಿಸಿದ್ದರಿಂದ ಹಂಚಿಕೆಗೆ ಉಳಿಯುವುದು ಸುಮಾರು 50,000. ಹಿಂದಿನ ಐದು ವರ್ಷಗಳಲ್ಲಿ 50,000ಕ್ಕೂ ಹೆಚ್ಚು ವಲಸಿಗರನ್ನು ಕಳುಹಿಸಿದ ದೇಶಗಳಲ್ಲಿ ಹುಟ್ಟಿದವರಿಗೆ ಇದರಲ್ಲಿ ಪ್ರವೇಶವಿಲ್ಲವಾದ್ದರಿಂದ ಭಾರತ ಮೊದಲಿನಿಂದಲೂ ಹೊರಗೇ ಉಳಿದಿದೆ. ಹೀಗಿರುವಾಗ ದಾವಣಗೆರೆ ಜಿಲ್ಲೆಯ ಹರಿಹರದವರಿಗೂ ಈ ಲಾಟರಿಗೂ ಏನು ಸಂಬಂಧ ಎಂಬ ಪ್ರಶ್ನೆ ಸಹಜವೇ. ಆದರೆ ಅರ್ಜಿದಾರನ ಪೌರತ್ವವನ್ನು ಕೇಳದೆ ಹುಟ್ಟಿದ ಸ್ಥಳವನ್ನು ಕೇಳುವ ಈ ಕಾನೂನು, ಆ ಸ್ಥಳ ಅನರ್ಹವಾಗಿದ್ದರೆ ಗಂಡ ಅಥವಾ ಹೆಂಡತಿ ಹುಟ್ಟಿದ ಸ್ಥಳವನ್ನು ಅದರ ಬದಲಿಗೆ ಒಪ್ಪಿಕೊಳ್ಳುತ್ತದೆ. ಅಂದರೆ ಮದುವೆ ಇಲ್ಲಿ ಅರ್ಹತೆಗೆ ಸೇರಿಸುವ ಗುಣವಾಗಲಿ ಕಳೆಯುವ ದೋಷವಾಗಲಿ ಅಲ್ಲ, ಒಬ್ಬರ ಜನ್ಮಸ್ಥಳ ಇನ್ನೊಬ್ಬರಿಗೆ ದಾಟುವ ದಾರಿ. ಆ ದಾರಿ ಯಾವ ದಿನ ತೆರೆದಿರಬೇಕು, ತೆರೆದಿದೆ ಎಂದು ಯಾವ ಕಾಗದ ಹೇಳಬೇಕು ಎಂಬ ಎರಡು ಪ್ರಶ್ನೆಗಳು ಹರಿಹರದಂಥ ಊರಿನ ಮದುವೆಯ ರೂಢಿಯೊಡನೆ ತಾಗುವ ಬಗೆಯೇ ಈ ಲೇಖನದ ವಿಷಯ.

ದಾವಣಗೆರೆಯ ಎಂಜಿನಿಯರಿಂಗ್ ಕಾಲೇಜುಗಳ ಪದವೀಧರರ ನಡುವೆ ‘ಲಾಟರಿ’ ಎಂದರೆ ಬಹುಮಟ್ಟಿಗೆ ಎಚ್‌-1ಬಿ ಎಂಬ ಉದ್ಯೋಗ ವೀಸಾದ ಆಯ್ಕೆ. ಅದರ ವಾರ್ಷಿಕ ಮಿತಿ 65,000, ಅಮೆರಿಕದಲ್ಲಿ ಸ್ನಾತಕೋತ್ತರ ಪದವಿ ಪಡೆದವರಿಗೆ ಇನ್ನೂ 20,000. ಅಲ್ಲಿ ಉದ್ಯೋಗದಾತ ಹೆಸರು ನೋಂದಾಯಿಸುತ್ತಾನೆ, ಅಭ್ಯರ್ಥಿಗೆ ಮದುವೆಯಾಗಿದೆಯೇ ಇಲ್ಲವೇ ಎಂಬುದು ಆಯ್ಕೆಯನ್ನು ಮುಟ್ಟುವುದಿಲ್ಲ, ಹೆಂಡತಿ ಅಥವಾ ಗಂಡನಿಗೆ ಎಚ್‌-4 ಎಂಬ ಅವಲಂಬಿತ ವೀಸಾ ಕೇಳುವಾಗ ಮಾತ್ರ ವಿವಾಹದ ದಾಖಲೆ ಬೇಕಾಗುತ್ತದೆ. ಎರಡೂ ಲಾಟರಿಗಳನ್ನು ಒಂದೇ ಎಂದು ಭಾವಿಸುವುದರಿಂದಲೇ ಮದುವೆಯ ಕುರಿತ ತಪ್ಪು ಸಲಹೆಗಳು ಹುಟ್ಟುವ ಕಾರಣ ಈ ವ್ಯತ್ಯಾಸವನ್ನು ಮೊದಲೇ ಹೇಳಬೇಕಾಯಿತು.

ವಲಸೆಯ ಪರಿಭಾಷೆಯಲ್ಲಿ ಒಬ್ಬ ವ್ಯಕ್ತಿಯನ್ನು ಯಾವ ದೇಶದ ಲೆಕ್ಕಕ್ಕೆ ಹಿಡಿಯಬೇಕು ಎಂಬ ನಿರ್ಣಯಕ್ಕೆ ವಿಶೇಷ ಮಹತ್ವವಿದೆ. ಇದನ್ನು ‘ಲೆಕ್ಕದ ದೇಶ’ ಎನ್ನೋಣ. ದುಬೈ, ಕುವೈತ್ ಅಥವಾ ಜೆಡ್ಡಾದಲ್ಲಿ ದುಡಿಯುತ್ತಿದ್ದ ಹರಿಹರದ ದಂಪತಿಗೆ ಅಲ್ಲೇ ಹುಟ್ಟಿದ ಮಗು, ಆ ದೇಶದ ಪೌರತ್ವ ಸಿಗದೆ ಭಾರತೀಯ ಪಾಸ್‌ಪೋರ್ಟನ್ನೇ ಹಿಡಿದು ಬೆಳೆದರೂ, ಲಾಟರಿಯ ದೃಷ್ಟಿಯಲ್ಲಿ ಸಂಯುಕ್ತ ಅರಬ್ ಸಂಸ್ಥಾನದ, ಕುವೈತಿನ ಅಥವಾ ಸೌದಿ ಅರೇಬಿಯದ ಲೆಕ್ಕಕ್ಕೆ ಸೇರುತ್ತದೆ, ಮತ್ತು ಆ ದೇಶಗಳು ಅರ್ಹ ಪಟ್ಟಿಯಲ್ಲಿ ಇರುತ್ತ ಬಂದಿವೆ. ಅದೇ ದಂಪತಿಯ ಚೊಚ್ಚಲು ಮಗುವಿನ ಸಂಗತಿ ಬೇರೆ. ಮೊದಲ ಹೆರಿಗೆ ತವರಿನಲ್ಲಾಗಬೇಕು ಎಂಬ ರೂಢಿಯಂತೆ ತಾಯಿ ಏಳನೆಯ ತಿಂಗಳಲ್ಲಿ ವಿಮಾನ ಹತ್ತಿ ಬಂದು ದಾವಣಗೆರೆಯ ಆಸ್ಪತ್ರೆಯಲ್ಲಿ ಹೆತ್ತರೆ, ಬಾಣಂತನ ಮುಗಿಸಿ ಮಗುವಿನೊಂದಿಗೆ ಮರಳಿದರೂ, ಆ ಮಗು ಭಾರತದ ಲೆಕ್ಕಕ್ಕೇ ಉಳಿಯುತ್ತದೆ. ತಂದೆತಾಯಿಯರ ದೇಶವನ್ನು ಆಧಾರವಾಗಿ ತೋರಿಸಲು ಕಾನೂನು ಒಂದು ವಿನಾಯಿತಿ ಕೊಟ್ಟಿದೆಯಾದರೂ, ಮಗು ಹುಟ್ಟಿದ ದೇಶದಲ್ಲಿ ತಂದೆತಾಯಿಯರಲ್ಲಿ ಯಾರೂ ಹುಟ್ಟಿರಬಾರದು ಮತ್ತು ಆ ವೇಳೆಗೆ ಅಲ್ಲಿ ವಾಸವಾಗಿರಬಾರದು ಎಂಬುದು ಅದರ ಷರತ್ತು. ಹರಿಹರದಲ್ಲೇ ಹುಟ್ಟಿದ ತಾಯಿಯ ಮಗುವಿಗೆ ಅದು ಒದಗುವುದಿಲ್ಲ. ಒಂದೇ ಮನೆಯ ಅಣ್ಣ ಅನರ್ಹ, ತಂಗಿ ಅರ್ಹಳು ಎಂಬ ಸ್ಥಿತಿ ಹೀಗೆ ತವರಿನ ಅಕ್ಕರೆಯಿಂದಲೇ ಉಂಟಾಗುತ್ತದೆ. (ಹರಿಹರ 1997ರವರೆಗೆ ಚಿತ್ರದುರ್ಗ ಜಿಲ್ಲೆಯಲ್ಲಿದ್ದುದರಿಂದ ಹಳೆಯ ಜನನ ಪತ್ರಗಳಲ್ಲಿ ಜಿಲ್ಲೆಯ ಹೆಸರು ಬೇರೆಯಿರುವುದು ಕೆಲವರನ್ನು ಕಳವಳಕ್ಕೀಡುಮಾಡುತ್ತದೆ, ಲೆಕ್ಕ ದೇಶದ್ದೇ ಹೊರತು ಜಿಲ್ಲೆಯದಲ್ಲವಾದ್ದರಿಂದ ಅರ್ಹತೆಗೆ ಅದು ಅಡ್ಡಿಯಲ್ಲ.)

ಆ ಅಣ್ಣನಿಗೆ ಉಳಿಯುವ ಮಾರ್ಗ ಮದುವೆಯೊಂದೇ. ಪತಿಪತ್ನಿಯರು ಅಗಲಬೇಕಾಗದಿರಲಿ ಎಂಬ ಉದ್ದೇಶದಿಂದ ವಲಸೆ ಶಾಸನದಲ್ಲಿ ಸೇರಿಸಿರುವ ನಿಯಮದ ಪ್ರಕಾರ, ಅನರ್ಹ ದೇಶದಲ್ಲಿ ಹುಟ್ಟಿದವನು ತನ್ನ ಸಂಗಾತಿಯ ಜನ್ಮದೇಶದ ಲೆಕ್ಕದಲ್ಲಿ ಲಾಟರಿಗೆ ಹೆಸರು ಕೊಡಬಹುದು. ಷರತ್ತು ಮೂರು: ಇಬ್ಬರ ಹೆಸರೂ ಮೂಲ ಅರ್ಜಿಯಲ್ಲೇ ಇರಬೇಕು, ಇಬ್ಬರಿಗೂ ವೀಸಾ ದೊರೆಯಬೇಕು, ಇಬ್ಬರೂ ಒಟ್ಟಿಗೇ ಅಮೆರಿಕವನ್ನು ಪ್ರವೇಶಿಸಬೇಕು. ಮೊದಲ ಷರತ್ತಿನ ಪರಿಣಾಮವನ್ನು ಅರ್ಜಿದಾರರು ಅನೇಕ ವೇಳೆ ಗಮನಿಸುವುದಿಲ್ಲ. ಅರ್ಜಿಯಲ್ಲಿ ಹೆಸರಿಸಲು ಮದುವೆ ಅರ್ಜಿಗೆ ಮುಂಚೆಯೇ ಆಗಿರಬೇಕು. ನಿಶ್ಚಿತಾರ್ಥವಾಗಿದೆ, ಲಗ್ನಪತ್ರಿಕೆ ಅಚ್ಚಾಗಿದೆ ಎಂಬುದು ಸಾಲದು. ಇದಕ್ಕೆ ವ್ಯತಿರಿಕ್ತವಾಗಿ, ದುಬೈಯಲ್ಲಿ ಹುಟ್ಟಿದ ತಂಗಿ ತನ್ನ ಸ್ವಂತ ಲೆಕ್ಕದಲ್ಲಿ ಅವಿವಾಹಿತಳೆಂದು ಅರ್ಜಿ ಹಾಕಿ, ಆಯ್ಕೆಯಾದ ಮೇಲೆ, ವೀಸಾ ಕೈಸೇರುವ ಮುಂಚೆ ಹರಿಹರದಲ್ಲೇ ಹುಟ್ಟಿ ಬೆಳೆದವನನ್ನು ಮದುವೆಯಾದರೆ, ಅವನು ಅವಲಂಬಿತನಾಗಿ ಅವಳದೇ ಲೆಕ್ಕದಲ್ಲಿ ವೀಸಾ ಪಡೆಯಬಹುದು; ಆಯ್ಕೆಯ ನಂತರದ ಮದುವೆ ಎಂಬ ಕಾರಣಕ್ಕೆ ಅಧಿಕಾರಿಯ ಅನುಮಾನದ ಪ್ರಶ್ನೆಗಳನ್ನು ಎದುರಿಸಬೇಕಾದೀತು, ಆದರೆ ಅರ್ಹತೆಗೆ ಕುಂದಿಲ್ಲ. ಜನ್ಮದಿಂದ ಅರ್ಹರಾದವರಿಗೆ ಮದುವೆ ಯಾವಾಗ ಆದರೂ ನಡೆಯುತ್ತದೆ, ಜನ್ಮದಿಂದ ಅನರ್ಹರಾದವರಿಗೆ ಅದು ಅರ್ಜಿಯ ದಿನಕ್ಕೇ ಆಗಿರಬೇಕು. ವಿವಾಹಿತರು ಮತ್ತು ಅವಿವಾಹಿತರು ಎಂಬ ವಿಭಾಗಕ್ಕಿಂತ ಈ ಅಸಮಾನತೆಯೇ ಕಾನೂನಿನ ನಿಜವಾದ ಗೆರೆ.

ಹಾಗಿದ್ದ ಮೇಲೆ ಅರ್ಹ ಜನ್ಮಸ್ಥಳದ ಹೆಂಡತಿಯೇ ಮುಖ್ಯ ಅರ್ಜಿದಾರಳಾಗಬಹುದಲ್ಲ, ಗಂಡ ಅವಳ ಲೆಕ್ಕವನ್ನು ಎರವಲು ಪಡೆಯುವುದೇಕೆ? ಗಂಡ ಹೆಂಡತಿ ಇಬ್ಬರೂ ಪ್ರತ್ಯೇಕ ಅರ್ಜಿ ಹಾಕಲು ಅನುಮತಿಯಿದ್ದು, ಯಾರ ಹೆಸರು ಬಂದರೂ ಇನ್ನೊಬ್ಬರು ಜೊತೆಗೆ ಹೋಗಬಹುದಾದ್ದರಿಂದ ದಂಪತಿಗೆ ಎರಡು ಅವಕಾಶಗಳಿವೆ. ಆದರೆ ಮುಖ್ಯ ಅರ್ಜಿದಾರರು ಹನ್ನೆರಡು ವರ್ಷಗಳ ಶಾಲಾ ಶಿಕ್ಷಣವನ್ನು, ಅಂದರೆ ಇಲ್ಲಿನ ದ್ವಿತೀಯ ಪಿಯುಸಿಯನ್ನು, ಪೂರೈಸಿರಬೇಕು, ಇಲ್ಲವೇ ಎರಡು ವರ್ಷಗಳ ತರಬೇತಿ ಬೇಕಾಗುವ ವೃತ್ತಿಯಲ್ಲಿ ಹಿಂದಿನ ಐದು ವರ್ಷಗಳಲ್ಲಿ ಎರಡು ವರ್ಷ ದುಡಿದಿರಬೇಕು. ಎಸ್ಸೆಸ್ಸೆಲ್ಸಿ ಮುಗಿಯುತ್ತಲೇ ಓದು ನಿಂತು ಮದುವೆಯ ಮಾತು ಶುರುವಾದ ಹೆಣ್ಣುಮಗಳಿಗೆ ಇವೆರಡೂ ಇರುವುದಿಲ್ಲ. ಅರ್ಹತೆಗೆ ಬೇಕಾದ ಜನ್ಮಸ್ಥಳ ಅವಳದು, ಬೇಕಾದ ಓದು ಗಂಡನದು; ಅರ್ಜಿ ಅವನ ಹೆಸರಿನಲ್ಲಿ ಹೋಗುತ್ತದೆ, ಅವಳು ಅವಲಂಬಿತಳ ಕಾಲಂಗೆ ಇಳಿಯುತ್ತಾಳೆ. ಇಡೀ ಅರ್ಜಿ ನಿಂತಿರುವುದು ಅವಳ ಹುಟ್ಟಿನ ಮೇಲೆ ಎಂಬುದು ಆ ಕಾಲಂ ನೋಡಿದವರಿಗೆ ಹೊಳೆಯುವುದಿಲ್ಲ.

ಇನ್ನು ಮದುವೆ ಆಗಿದೆ ಎನ್ನುವುದು ಯಾವಾಗ? ಅಮೆರಿಕದ ವಲಸೆ ಕಾನೂನು ಸಾಮಾನ್ಯವಾಗಿ ಮದುವೆ ನಡೆದ ಸ್ಥಳದ ಕಾನೂನಿಗೆ ಈ ಪ್ರಶ್ನೆಯನ್ನು ಒಪ್ಪಿಸುತ್ತದೆ. ಮದುವೆ ನಡೆದಲ್ಲಿ ಸಿಂಧುವಾದದ್ದು ಅಮೆರಿಕದಲ್ಲೂ ಸಿಂಧು ಎಂಬುದು ಅದರ ತತ್ತ್ವ. ಹೀಗಾಗಿ ಪ್ರಶ್ನೆ ಮರಳಿ ತುಂಗಭದ್ರೆಯ ದಡದ ಹರಿಹರಕ್ಕೇ ಬರುತ್ತದೆ. 1955ರ ಹಿಂದೂ ವಿವಾಹ ಕಾಯ್ದೆಯ 7ನೆಯ ಕಲಮು ವಧು ಅಥವಾ ವರನ ಕಡೆಯ ರೂಢಿಯ ವಿಧಿಗಳ ಪ್ರಕಾರ ಮದುವೆ ನಡೆಯಬೇಕೆನ್ನುತ್ತದೆ, ಆ ವಿಧಿಗಳಲ್ಲಿ ಸಪ್ತಪದಿ ಸೇರಿದ್ದರೆ ಏಳನೆಯ ಹೆಜ್ಜೆಗೆ ಮದುವೆ ಪೂರ್ಣಗೊಳ್ಳುತ್ತದೆ. 8ನೆಯ ಕಲಮಿನ ನೋಂದಣಿ ಆದ ಮದುವೆಗೆ ಸಾಕ್ಷ್ಯವಷ್ಟೆ. ಆದರೆ ಹೊರದೇಶದ ರಜೆಯ ಲೆಕ್ಕಾಚಾರಕ್ಕೆ ಸಿಕ್ಕ ಕುಟುಂಬಗಳಲ್ಲಿ ಕ್ರಮ ತಲೆಕೆಳಗಾಗುವುದುಂಟು: ಹುಡುಗ ನಿಶ್ಚಿತಾರ್ಥಕ್ಕೆ ಬಂದಾಗಲೇ ಉಪನೋಂದಣಿ ಕಚೇರಿಯಲ್ಲಿ ‘ರಿಜಿಸ್ಟರ್’ ಮಾಡಿಸಿ ವೀಸಾದ ಕಾಗದ ಓಡಿಸುವುದು, ಧಾರೆಯನ್ನು ಮುಂದಿನ ರಜೆಗೆ ಇಟ್ಟುಕೊಳ್ಳುವುದು. 2024ರ ಏಪ್ರಿಲ್‌ನಲ್ಲಿ ಡಾಲಿ ರಾಣಿ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯದ ಪೀಠ, ಕರ್ನಾಟಕದವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರು ಬರೆದ ತೀರ್ಪಿನಲ್ಲಿ, ವಿಧಿ ನಡೆಯದ ನೋಂದಣಿ ಹಿಂದೂ ವಿವಾಹವನ್ನು ಸೃಷ್ಟಿಸುವುದಿಲ್ಲ ಎಂದು ಹೇಳಿತು. ಪರದೇಶದ ವೀಸಾಕ್ಕೆ ಅನುಕೂಲವಾಗಲೆಂದು ಮುಂಚಿತವಾಗಿ ನೋಂದಣಿ ಮಾಡಿಸಲು ತಂದೆತಾಯಿಯರು ಒಪ್ಪುವ ಪರಿಪಾಠವನ್ನೂ ಅದು ಹೆಸರಿಸಿ ಟೀಕಿಸಿತು.

ಲಾಟರಿಯ ಸಂದರ್ಭದಲ್ಲಿ ಈ ತೀರ್ಪಿನ ಫಲ ಗಂಭೀರವಾದದ್ದು. ಸೆಪ್ಟೆಂಬರಿನಲ್ಲಿ ನೋಂದಣಿಯಾಗಿ, ಡಿಸೆಂಬರಿನಲ್ಲಿ ಧಾರೆ ನಡೆಯಲಿರುವ ಜೋಡಿ ಅಕ್ಟೋಬರಿನಲ್ಲಿ ಅರ್ಜಿ ತುಂಬುತ್ತಿದೆ ಎಂದಿಟ್ಟುಕೊಳ್ಳಬಹುದು. ವಿವಾಹಿತರೆಂದು ಬರೆದರೆ ಭಾರತೀಯ ಕಾನೂನಿನ ಪ್ರಕಾರ ಆ ದಿನ ವಿವಾಹವೇ ಇಲ್ಲ, ಆದ್ದರಿಂದ ಸಂಗಾತಿಯ ಜನ್ಮದೇಶದ ಲೆಕ್ಕ ಹಿಡಿದ ಅರ್ಜಿಗೆ ಬುಡವಿಲ್ಲ. ಅವಿವಾಹಿತರೆಂದು ಬರೆದರೆ ಸಂದರ್ಶನದ ವೇಳೆ ಸೆಪ್ಟೆಂಬರಿನ ಪ್ರಮಾಣಪತ್ರ ಎದುರಾಗುತ್ತದೆ, ಮದುವೆಯಾಗಿದ್ದೂ ಸಂಗಾತಿಯನ್ನು ಹೆಸರಿಸದ ಅರ್ಜಿ ಅನರ್ಹವಾಗುತ್ತದೆ. ಸಪ್ತಪದಿಯನ್ನು ಅನಿವಾರ್ಯವೆಂದು ಎಣಿಸದ ಸಮುದಾಯಗಳಲ್ಲಿ, ಮನೆಮಟ್ಟಿಗೆ ತಾಳಿ ಕಟ್ಟಿ ಅಕ್ಷತೆ ಹಾಕಿದ್ದರೆ ಅದೇ ಮದುವೆ ಎಂದು ವಾದಿಸಲು ಅವಕಾಶವಿದೆ. ಆ ಮೇಲೆ ಕಲ್ಯಾಣಮಂಟಪದಲ್ಲಿ ನಡೆಯುವುದು ಊಟದ ಸಮಾರಂಭವಾಗುತ್ತದೆ ಎಂಬುದನ್ನು ಹಿರಿಯರು ಒಪ್ಪಿದರೆ.

ಪಂಚಾಂಗವೂ ಈ ಸಂಕಟಕ್ಕೆ ಸೇರಿಕೊಳ್ಳುತ್ತದೆ. ಅರ್ಜಿ ಸ್ವೀಕಾರದ ಅವಧಿ ಬಹುಕಾಲ ಅಕ್ಟೋಬರ್ ಆರಂಭದಿಂದ ನವೆಂಬರ್ ಮೊದಲ ಭಾಗದವರೆಗೆ ಇರುತ್ತಿತ್ತು. ಪಿತೃಪಕ್ಷ ಮುಗಿದು, ದಸರೆ ಕಳೆದು, ದೀಪಾವಳಿಯ ನಂತರ ತುಳಸಿ ಲಗ್ನವಾದ ಮೇಲೆ ಮದುವೆಗಳ ಭರಾಟೆ ಏರುವ ಹೊತ್ತಿಗೆ ಲಾಟರಿಯ ಬಾಗಿಲು ಮುಚ್ಚಿರುತ್ತಿತ್ತು ಅಥವಾ ಮುಚ್ಚುತ್ತಿರುತ್ತಿತ್ತು. ಅದಕ್ಕೂ ಮುಂಚೆ ಮುಹೂರ್ತ ಸಿಗದವರಿಗೆ 1954ರ ವಿಶೇಷ ವಿವಾಹ ಕಾಯ್ದೆಯ ಮಾರ್ಗವಿದೆ: ಅದರಲ್ಲಿ ವಿವಾಹ ಅಧಿಕಾರಿಯ ಎದುರಿನ ಘೋಷಣೆಯೇ ಮದುವೆ, ಅವರು ಕೊಡುವ ಪ್ರಮಾಣಪತ್ರ ನಿರ್ಣಾಯಕ ಸಾಕ್ಷ್ಯ, ಡಾಲಿ ರಾಣಿ ತೀರ್ಪಿನ ತೊಡಕು ಅದಕ್ಕೆ ತಟ್ಟುವುದಿಲ್ಲ. ಆದರೆ ಇಬ್ಬರಲ್ಲಿ ಒಬ್ಬರಾದರೂ ಆ ಜಿಲ್ಲೆಯಲ್ಲಿ ಮೂವತ್ತು ದಿನ ವಾಸವಿದ್ದ ಮೇಲೆ ನೋಟಿಸು ಕೊಡಬೇಕು, ನೋಟಿಸು ಪ್ರಕಟವಾಗಿ ಇನ್ನೂ ಮೂವತ್ತು ದಿನ ಕಾಯಬೇಕು. ಮೂರು ವಾರದ ರಜೆಗೆ ಬಂದವರಿಗೆ, ಊರಿನಲ್ಲಿರುವ ಸಂಗಾತಿ ಮುಂಚಿತವಾಗಿ ನೋಟಿಸಿನ ಕೆಲಸ ಆರಂಭಿಸಿಟ್ಟಿರದಿದ್ದರೆ, ಇದು ಎಟುಕದ ಮಾತು.

ಹರಿಹರದ ಮುಸ್ಲಿಂ ಕುಟುಂಬಗಳಲ್ಲಿ ತೊಡಕು ಬೇರೆ ಕಡೆಯಿದೆ. ನಿಕಾಹ್ ನಡೆದ ಕ್ಷಣದಿಂದ ಮದುವೆ ಸಿಂಧು, ತಾರೀಖಿನ ಗೊಂದಲವಿಲ್ಲ. ಆದರೆ ಖಾಜಿಯವರ ನಿಕಾಹ್‌ನಾಮೆಯ ಆಚೆಗೆ ಸರ್ಕಾರಿ ಮುದ್ರೆಯ ಕಾಗದ ಯಾವುದು? 2023ರಲ್ಲಿ ರಾಜ್ಯ ಸರ್ಕಾರ ಜಿಲ್ಲಾ ವಕ್ಫ್ ಅಧಿಕಾರಿಗಳಿಗೆ ವಿವಾಹ ಪ್ರಮಾಣಪತ್ರ ಕೊಡುವ ಅಧಿಕಾರ ನೀಡಿತ್ತು, 2024ರ ನವೆಂಬರಿನಲ್ಲಿ ಹೈಕೋರ್ಟು ಅದಕ್ಕೆ ತಡೆ ನೀಡಿತು. ಆದ್ದರಿಂದ ನೋಂದಣಿ ಇಲಾಖೆಯ ಪ್ರಮಾಣಪತ್ರವೇ ಸುರಕ್ಷಿತ ಆಧಾರ. ಚರ್ಚಿನಲ್ಲಿ ನಡೆದ ಮದುವೆಗಳಿಗೆ 1872ರ ಭಾರತೀಯ ಕ್ರೈಸ್ತ ವಿವಾಹ ಕಾಯ್ದೆಯೇ ದಾಖಲೆಯನ್ನು ಕಡ್ಡಾಯಗೊಳಿಸಿರುವುದರಿಂದ ಅಲ್ಲಿ ಸಮಸ್ಯೆ ಕಡಿಮೆ.

ಮುರಿದ ಮದುವೆಗಳ ವಿಷಯದಲ್ಲಿ ಕಾನೂನು ಇನ್ನಷ್ಟು ಬಿಗಿ. ಜಗಳವಾಗಿ ತವರು ಸೇರಿ ವರ್ಷಗಳಾದ ಹೆಂಡತಿಯೂ ನ್ಯಾಯಾಲಯದ ಆದೇಶವಿಲ್ಲದಿದ್ದರೆ ಹೆಂಡತಿಯೇ, ಅವಳ ಹೆಸರನ್ನು ಅರ್ಜಿಯಲ್ಲಿ ಬರೆಯಲೇಬೇಕು. ವಿಚ್ಛೇದನ ಅಥವಾ ನ್ಯಾಯಾಲಯ ವಿಧಿಸಿದ ಪ್ರತ್ಯೇಕ ವಾಸವಿದ್ದರೆ ಮಾತ್ರ ಬಿಡಬಹುದು. ಇಪ್ಪತ್ತೊಂದು ತುಂಬದ ಅವಿವಾಹಿತ ಮಕ್ಕಳನ್ನು, ಸಂಗಾತಿಯ ಮೊದಲ ಮದುವೆಯ ಮಕ್ಕಳೂ ಸೇರಿದಂತೆ, ಅವರು ಜೊತೆಗಿರಲಿ ಬಿಡಲಿ, ಬರುವ ಇಚ್ಛೆಯಿರಲಿ ಬಿಡಲಿ, ಹೆಸರಿಸಬೇಕು. ಸಂಗಾತಿಯ ಜನ್ಮದೇಶದ ಲೆಕ್ಕ ಹಿಡಿದಿರದಿದ್ದರೆ ಹೆಸರಿಸಿದವರನ್ನು ಕರೆದೊಯ್ಯಲೇಬೇಕೆಂಬ ಕಟ್ಟಳೆಯಿಲ್ಲ, ಹೆಸರಿಸದಿದ್ದರೆ ಮಾತ್ರ ಇಡೀ ಅರ್ಜಿ ಬೀಳುತ್ತದೆ. ಹಿಂದೂ ವಿವಾಹ ಕಾಯ್ದೆಯ 29ನೆಯ ಕಲಮು ರೂಢಿಯ ಬಿಡುಗಡೆಯನ್ನು ಉಳಿಸಿಕೊಂಡಿರುವುದರಿಂದ, ದೈವದವರ ಮುಂದೆ ಪಂಚಾಯ್ತಿಯಲ್ಲಿ ಬಿಟ್ಟು ಬೇರೆಯಾಗಿ ಕೂಡಿಕೆ ಮಾಡಿಕೊಂಡ ಜೋಡಿಗಳ ಎರಡನೆಯ ಮದುವೆ ಭಾರತದಲ್ಲಿ ಸಿಂಧುವಾಗಿರಬಹುದು. ಆದರೆ ಆ ರೂಢಿ ತಮ್ಮ ಸಮುದಾಯದಲ್ಲಿ ಹಿಂದಿನಿಂದ ನಡೆದುಬಂದಿದೆ ಎಂದು ಸಾಬೀತುಪಡಿಸುವ ಹೊಣೆ ಅರ್ಜಿದಾರರ ಮೇಲಿರುತ್ತದೆ. ಬಾಯಿಮಾತಿನ ಪಂಚಾಯ್ತಿ ದೂತಾವಾಸದ ಮೇಜಿನವರೆಗೆ ತಲುಪುವುದು ಕಷ್ಟ, ನ್ಯಾಯಾಲಯದಿಂದ ಘೋಷಣೆಯ ಡಿಕ್ರಿ ಪಡೆದವರಿಗೆ ಹಾದಿ ಸುಗಮ.

ಸಂಗಾತಿಯ ಜನ್ಮದೇಶದ ಲೆಕ್ಕ ಹಿಡಿಯುವ ನಿಯಮ ಲಾಟರಿಗೆ ಮಾತ್ರ ಸೀಮಿತವಲ್ಲ. ಉದ್ಯೋಗದ ಆಧಾರದ ಗ್ರೀನ್ ಕಾರ್ಡಿನಲ್ಲಿ ಯಾವ ದೇಶಕ್ಕೂ ಶೇಕಡಾ 7ಕ್ಕಿಂತ ಹೆಚ್ಚು ಪಾಲಿಲ್ಲದ ಕಾರಣ ಭಾರತದ ಸರದಿ ವರ್ಷಗಟ್ಟಲೆ ಉದ್ದವಾಗಿದ್ದು, ಅಲ್ಲಿ ಕುವೈತಿನಲ್ಲೋ ನೇಪಾಳದಲ್ಲೋ ಹುಟ್ಟಿದ ಸಂಗಾತಿ ಇರುವ ದಾವಣಗೆರೆಯ ಎಂಜಿನಿಯರ್ ಆ ಸರದಿಯಿಂದಲೇ ಹೊರಬರಬಹುದು, ಮೂಲ ಅರ್ಜಿಯ ದಿನಕ್ಕೆ ಮದುವೆಯಾಗಿರಬೇಕೆಂಬ ಷರತ್ತೂ ಅವನಿಗಿಲ್ಲ. ವಾಸ್ತವದಲ್ಲಿ ಕನ್ನಡಿಗ ಕುಟುಂಬಗಳಿಗೆ ಲಾಟರಿಗಿಂತ ಈ ಮಾರ್ಗವೇ ಹೆಚ್ಚು ಬೆಲೆಯುಳ್ಳದ್ದು. ಲಾಟರಿಯಲ್ಲಿ ಹೆಸರು ಬಂದವರಿಗೂ ಆ ಆರ್ಥಿಕ ವರ್ಷ ಮುಗಿಯುವ ಸೆಪ್ಟೆಂಬರ್ 30ರೊಳಗೆ ವೀಸಾ ಕೈಸೇರದಿದ್ದರೆ ಆಯ್ಕೆ ರದ್ದು. 2020ರಲ್ಲಿ ಅಧ್ಯಕ್ಷರ ಘೋಷಣೆಯೊಂದು ವಿತರಣೆಯನ್ನೇ ನಿಲ್ಲಿಸಿದಾಗ ಆಯ್ಕೆಯಾದವರು ನ್ಯಾಯಾಲಯದ ಮೊರೆ ಹೋಗಬೇಕಾಯಿತು. ಹೆಂಡತಿಯ ಲೆಕ್ಕದಲ್ಲಿ ಆಯ್ಕೆಯಾದ ಗಂಡನಿಗೆ ಈ ಗಡುವು ಇನ್ನೂ ಇಕ್ಕಟ್ಟಿನದು, ಏಕೆಂದರೆ ಅವಳ ವೈದ್ಯಕೀಯ ತಪಾಸಣೆ ತಡವಾದರೂ, ಅವಳ ಜನನ ಪತ್ರ ಮಸ್ಕತ್ತಿನಿಂದಲೋ ಜೆಡ್ಡಾದಿಂದಲೋ ಬರುವುದು ತಡವಾದರೂ, ತನ್ನ ಕಾಗದಗಳೆಲ್ಲ ಸರಿಯಿದ್ದ ಮಾತ್ರಕ್ಕೆ ಅವನು ಒಬ್ಬನೇ ಹೊರಡುವಂತಿಲ್ಲ. ಜನ್ಮದಿಂದ ಅರ್ಹಳಾಗಿ ತಾನೇ ಮುಖ್ಯ ಅರ್ಜಿದಾರಳಾದ ಹೆಂಡತಿಗೆ ಗಂಡನ ಕಾಗದಗಳು ತಡವಾದರೆ ಮುಂದಾಗಿ ಹೋಗುವ ಹಕ್ಕಿದೆ, ಅವನಾದರೋ ಅದೇ ಗಡುವಿನೊಳಗೆ ತನ್ನ ವೀಸಾ ಪಡೆದು ಹಿಂದಿನಿಂದ ಸೇರಿಕೊಳ್ಳಬೇಕು.